ಬಾತುಕೋಳಿ ರಸ್ತೆಯಿಂದ ಶುರು: ಡಚ್‌ನಲ್ಲಿ ಒಂದನೇ, ಎರಡನೇ ಕಲಿತ ಕಥೆ

ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ಗೆ ಬಂದು ನಾಲ್ಕು ತಿಂಗಳಾಗಿತ್ತು. ಇಲ್ಲಿನ ಲೈಬ್ರರಿಯಲ್ಲಿ ವಾರಕ್ಕೊಂದು ದಿನ 'ತಾಲ್‌ಕಫೇ' ನಡೆಯುತ್ತದೆ. ತಾಲ್ ಅಂದರೆ ಭಾಷೆ. ಊರಿನ ಕೆಲವು ಹಿರಿಯರು ಕಾಫಿ ಇಟ್ಟುಕೊಂಡು ಕೂತಿರುತ್ತಾರೆ. ಹೊರಗಿನಿಂದ ಬಂದ ನಮ್ಮಂಥವರು ಅವರ ಜೊತೆ ಹರಕುಮುರುಕು ಡಚ್‌ನಲ್ಲಿ ಮಾತಾಡಬೇಕು. ತಪ್ಪು ಮಾಡಿದರೆ ಯಾರೂ ನಗುವುದಿಲ್ಲ ಅಂತ ಕೇಳಿದ್ದೆ.

ಆವತ್ತು ನನ್ನೆದುರು ಕೂತ ಅಜ್ಜಿ, ನಿಮ್ಮ ಮನೆ ಎಲ್ಲಿ ಅಂದರು. ಬಸ್ ಸ್ಟಾಪಿನಿಂದ ಎಡಕ್ಕೆ ಒಂದನೇ ರಸ್ತೆ ಅಂತ ಹೇಳಬೇಕಿತ್ತು. ಎರಡಕ್ಕೆ 'ತ್ವೇ', ಎರಡನೇದಕ್ಕೆ 'ತ್ವೇದೆ' ಅಂತ ಗೊತ್ತಿತ್ತು. ಒಂದಕ್ಕೆ 'ಏನ್'. ಹಾಗಾದರೆ ಒಂದನೇದಕ್ಕೆ 'ಏಂದೆ' ಇರಬೇಕು, ಅಲ್ವಾ? ಧೈರ್ಯವಾಗಿ 'ಏಂದೆ ಸ್ತ್ರಾತ್' ಅಂದೆ. ಅಜ್ಜಿ ಕಾಫಿ ಕಪ್ ಕೆಳಗಿಟ್ಟು ಮನಸಾರೆ ನಕ್ಕರು. ಡಚ್‌ನಲ್ಲಿ 'ಏಂದೆನ್' ಅಂದರೆ ಬಾತುಕೋಳಿಗಳು. ಮಾತಾಡುವಾಗ ಕೊನೆಯ 'ನ್' ನುಂಗಿಬಿಡುತ್ತಾರೆ, ಹಾಗಾಗಿ ಕಿವಿಗೆ 'ಏಂದೆ' ಅಂತಲೇ ಬೀಳುತ್ತದೆ. ನಾನು ಬಾತುಕೋಳಿ ರಸ್ತೆಯಲ್ಲಿ ಇರುತ್ತೇನೆ ಅಂತ ಹೇಳಿದ ಹಾಗಾಗಿತ್ತು. ಒಂದನೇ ಅನ್ನುವುದಕ್ಕೆ 'ಏರ್ಸ್ತೆ' ಅನ್ನಬೇಕು ಅಂತ ಅವರೇ ಒಂದು ಚೀಟಿಯ ಮೇಲೆ ಬರೆದುಕೊಟ್ಟರು.

ಮನೆಗೆ ಬರುತ್ತಾ ದಾರಿಯಲ್ಲಿ ಯೋಚಿಸಿದೆ. ನಮ್ಮಲ್ಲೂ ಹೀಗೇ ಅಲ್ವಾ? 'ಮೊದಲನೇ' ಅನ್ನುವುದು ಒಂದರಿಂದ ಬಂದದ್ದಲ್ಲ. ನಮಗೆ 'ಒಂದನೇ ಕ್ಲಾಸ್' ಅನ್ನುವ ಇನ್ನೊಂದು ದಾರಿಯೂ ಇದೆ. ಡಚ್ಚರಿಗೆ ಅದಿಲ್ಲ, 'ಮೊದಲನೇ' ಒಂದೇ ಗತಿ.

ಅವತ್ತು ರಾತ್ರಿ ಮಗನ ಹಳೇ ನೋಟ್‌ಬುಕ್ಕಿನಲ್ಲಿ ಕನ್ನಡ ಅಕ್ಷರದಲ್ಲೇ ಬರೆದುಕೊಂಡೆ. ಏರ್ಸ್ತೆ, ತ್ವೇದೆ, ದೆರ್ದೆ, ಫೀರ್ದೆ, ಫೆಯ್ವ್ದೆ, ಝೆಸ್ದೆ, ಝೇವೆಂದೆ, ಅಖ್ತ್‌ಸ್ತೆ, ನೇಖೆಂದೆ, ತೀಂದೆ. ಕನ್ನಡದಲ್ಲಿ ಬರೆದದ್ದೇ ಒಂದು ಲಾಭವಾಯಿತು. ಇಂಗ್ಲಿಷ್ ಅಕ್ಷರ ನೋಡಿದರೆ ನಾಲಿಗೆ ತಾನಾಗಿ 'ಟ್ವೀಡ್' ಅನ್ನುತ್ತದೆ. ನನ್ನ ಕಿವಿಗೆ ಡಚ್ಚರ ಉಚ್ಚಾರ ನಮ್ಮ ತ, ದಗಳಿಗೇ ಹತ್ತಿರ. ಕೊನೆಯ 'ಎ' ಮಾತ್ರ ಅರ್ಧ ನುಂಗಿದ 'ಅ' ಇದ್ದ ಹಾಗೆ. ಇನ್ನು 'ಖ' ಗಂಟಲಿನಿಂದ ಬರಬೇಕು. ಪುಣ್ಯಕ್ಕೆ ನಾವಿರುವುದು ಬ್ರಾಬಂತ್ ಪ್ರಾಂತ್ಯದಲ್ಲಿ, ಇಲ್ಲಿನವರ 'ಖ' ಮೆತ್ತಗಿರುತ್ತದೆ. ಆಮ್‌ಸ್ಟರ್‌ಡ್ಯಾಮ್ ಕಡೆ ಹೋದರೆ ಕಫ ತೆಗೆದಂತೆ ಕೇಳುತ್ತದೆ.

ನೇ ಸೇರಿಸುವ ಮೊದಲು ಬರೀ ಎಣಿಕೆ ಗಟ್ಟಿ ಇರಬೇಕು. ಇದನ್ನು ನನಗೆ ಕಲಿಸಿದ್ದು ಮೊಟ್ಟೆ. ಸಂತೆಯಲ್ಲಿ ಮೊಟ್ಟೆ ಮಾರುವವರು 'ಝೆಸ್ ಆಫ್ ತೀನ್?' ಅಂದರು. ಇಲ್ಲಿ ಮೊಟ್ಟೆ ಆರರ ಡಬ್ಬಿ, ಹತ್ತರ ಡಬ್ಬಿ ಹೀಗೆ ಬರುತ್ತದೆ. ನಾನು ದಾವಣಗೆರೆಯವಳು, 'ತೀನ್' ಅಂದರೆ ಮೂರು ಅಂತ ಹುಟ್ಟಿದಾಗಿನಿಂದ ಕೇಳಿದವಳು. ಆರು ಬೇಕೋ ಮೂರು ಬೇಕೋ ಅಂತ ಕೇಳಿದರು ಅಂದುಕೊಂಡೆ. ಮೂರು ಸಾಕು ಅಂತ 'ತೀನ್' ಅಂದೆ. ಕೈಗೆ ಹತ್ತು ಮೊಟ್ಟೆ ಬಂತು. ವಾಪಸ್ ಕೊಡುವಷ್ಟು ಡಚ್ ನನ್ನ ಬಾಯಲ್ಲಿ ಇರಲಿಲ್ಲ. ಎರಡು ದಿನ ಮೊಟ್ಟೆ ಸಾರು ಮಾಡಿದೆ. ಆಮೇಲೆ 'ತೀಂದೆ' ಅಂದರೆ ಹತ್ತನೇದು ಅನ್ನುವುದು ಇವತ್ತಿನವರೆಗೂ ಮರೆತಿಲ್ಲ.

ಇನ್ನು ನಿಯಮ. ಇದು ಸುಲಭ, ಬೇಗ ಹೇಳಿ ಮುಗಿಸುತ್ತೇನೆ. ಎರಡರಿಂದ ಹತ್ತೊಂಬತ್ತರವರೆಗೆ ಸಂಖ್ಯೆಗೆ 'ದೆ' ಸೇರಿಸಬೇಕು. ಇದರಲ್ಲಿ ಮೂರು ಸ್ವಲ್ಪ ಸೊಟ್ಟ: 'ದ್ರೀ' ಇದ್ದದ್ದು 'ದೆರ್ದೆ' ಆಗುತ್ತದೆ. ಎಂಟು ಪೂರ್ತಿ ಹಟಮಾರಿ, 'ದೆ' ಬಿಟ್ಟು 'ಸ್ತೆ' ಹಿಡಿಯುತ್ತದೆ: ಅಖ್ತ್‌ಸ್ತೆ. ಇಪ್ಪತ್ತರಿಂದ ಮೇಲೆ ಎಲ್ಲಕ್ಕೂ 'ಸ್ತೆ'. ಇಪ್ಪತ್ತನೇದು ತ್ವಿಂತಖ್‌ಸ್ತೆ, ಮೂವತ್ತನೇದು ದೆರ್ತಖ್‌ಸ್ತೆ, ನೂರನೇದು ಹೊಂದರ್ತ್‌ಸ್ತೆ. ನೂರು ದಾಟಿದ ಮೇಲೆ ಬಾಲ ನೋಡಬೇಕು. ನೂರಾ ಎರಡನೇದರ ಬಾಲದಲ್ಲಿ ಎರಡು ಇದೆ, ಹಾಗಾಗಿ ಅದು ಮತ್ತೆ 'ತ್ವೇದೆ'. ನಮಗೆ ಆಗಾಗ ಬೇಕಾಗುವ ನೂರೆಂಟನೇದರ ಬಾಲದಲ್ಲಿ ಅದೇ ಹಟಮಾರಿ ಎಂಟು ಕೂತಿರುತ್ತದೆ.

ಬರೆಯುವುದು ಇನ್ನೂ ಸುಲಭ. ಅಂಕಿಯ ಪಕ್ಕದಲ್ಲಿ ಇಂಗ್ಲಿಷಿನ 'ಇ' (e) ಅಕ್ಷರ ಒಂದು ಇಟ್ಟರೆ ಸಾಕು. ಒಂದಕ್ಕೂ ಅದೇ, ಇಪ್ಪತ್ತಕ್ಕೂ ಅದೇ. ನಾವು 1ನೇ, 2ನೇ, 3ನೇ ಅಂತ ಬರೆಯುವುದಿಲ್ಲವೇ, ಹಾಗೆ. ಇಂಗ್ಲಿಷಿನಲ್ಲಾದರೆ ಒಂದಕ್ಕೊಂದು ಬಾಲ, ಎರಡಕ್ಕೊಂದು ಬಾಲ, ಮೂರಕ್ಕೆ ಮತ್ತೊಂದು.

ನಿಯಮ ಗೊತ್ತಿದ್ದೂ ನಾನು ಎಡವಿದ್ದು ಇಪ್ಪತ್ತೊಂದರಲ್ಲಿ. ಡಚ್ಚರು ಇಪ್ಪತ್ತೊಂದನ್ನು 'ಒಂದು ಮತ್ತು ಇಪ್ಪತ್ತು' ಅಂತ ಹೇಳುತ್ತಾರೆ: ಏನ್-ಎನ್-ತ್ವಿಂತಖ್. ನಲವತ್ತೈದು ಅಂದರೆ 'ಐದು ಮತ್ತು ನಲವತ್ತು'. ನಾನು ಕನ್ನಡದ ಲೆಕ್ಕದಲ್ಲಿ ಇಪ್ಪತ್ತು ಮೊದಲು ಹೇಳಿ, ಅದಕ್ಕೆ 'ಏರ್ಸ್ತೆ' ಅಂಟಿಸಿ, 'ತ್ವಿಂತಖ್-ಏರ್ಸ್ತೆ' ಅಂತ ಎಷ್ಟು ಸಲ ಹೇಳಿದ್ದೇನೋ. ಅದು ತಪ್ಪು. ಇಪ್ಪತ್ತು ಕೊನೆಗೆ ಬರುವುದರಿಂದ 'ನೇ' ಕೂಡ ಇಪ್ಪತ್ತಕ್ಕೇ ಅಂಟಬೇಕು: ಏನ್-ಎನ್-ತ್ವಿಂತಖ್‌ಸ್ತೆ. ಒಂದು ಎಲ್ಲಿಂದಲೋ ಮುಂದೆ ಬಂದು ನಿಂತಿರುತ್ತದೆ ಅಷ್ಟೇ, ಅದಕ್ಕೆ ಏನೂ ಆಗುವುದಿಲ್ಲ. ಇದಕ್ಕೆ ಉಪಾಯ ಅಂತ ಏನೂ ಇಲ್ಲ. ಬಾಯಿಗೆ ರೂಢಿಯಾಗಬೇಕು.

ರೂಢಿ ಮಾಡಿಸಿದ್ದು ನಮ್ಮ ಮನೆಯ ಮೆಟ್ಟಿಲು. ಇಲ್ಲಿನ ಮನೆಗಳ ಮೆಟ್ಟಿಲು ಏಣಿಯಷ್ಟು ಕಡಿದು. ನಮ್ಮಲ್ಲಿ ಹದಿನಾಲ್ಕು ಇವೆ. ಮೆಟ್ಟಿಲಿಗೆ ಡಚ್‌ನಲ್ಲಿ 'ತ್ರೇದೆ'. ಮಗನ ಕೈ ಹಿಡಿದು ಮಲಗಲು ಹತ್ತುವಾಗ ಒಂದೊಂದು ಹೆಜ್ಜೆಗೂ ಒಂದು: ಏರ್ಸ್ತೆ ತ್ರೇದೆ, ತ್ವೇದೆ ತ್ರೇದೆ, ದೆರ್ದೆ ತ್ರೇದೆ. ಈ 'ತ್ವೇದೆ ತ್ರೇದೆ'ಯನ್ನು ಬೇಗ ಬೇಗ ಐದು ಸಲ ಹೇಳಿ ನೋಡಿ, 'ತರೀಕೆರೆ ಏರಿ ಮೇಲೆ' ನೆನಪಾಗುತ್ತದೆ. ಎಂಟನೇ ಮೆಟ್ಟಿಲಲ್ಲಿ ನಾನು ದಿನಾ ನಿಲ್ಲುತ್ತಿದ್ದೆ. 'ಅಖ್ತ್‌ದೆ' ಅಂದರೆ ಮಗ ಕೈ ಜಗ್ಗಿ ಕೆಳಗಿನ ಮೆಟ್ಟಿಲಿಗೆ ಎಳೆಯುತ್ತಿದ್ದ. ಸರಿಯಾಗಿ ಹೇಳಿದರೆ ಮೇಲೆ ಹತ್ತಬಹುದು. ಒಂದು ದಿನ ಆ ಎಂಟರಿಂದಾಗಿ ಮೂರು ಸಲ ಇಳಿದು ಹತ್ತಿದೆ. ಹದಿನಾಲ್ಕು ದಾಟುವುದಕ್ಕೆ ಇಳಿಯುವಾಗ ಹದಿನೈದರಿಂದ ಮುಂದುವರಿಸಿದೆವು. ಎರಡು ಸಲ ಹತ್ತಿಳಿದರೆ ಐವತ್ತಾರು.

ಆದರೆ ನನಗೆ ನಿಜವಾಗಿ ಬಾಗಿಲು ತೆರೆದದ್ದು ಬೇರೆ ಒಂದು ಪದ. ತಾಲ್‌ಕಫೇಯಲ್ಲಿ ಅದೇ ಅಜ್ಜಿ ಫಾರಂ ತುಂಬುತ್ತಾ ಪಕ್ಕದವರನ್ನು ಕೇಳಿದರು: 'ದೆ ಹೂಫೇಲ್‌ಸ್ತೆ ಇಸ್ ಹೆತ್ ಫಂದಾಖ್?' ಹೂಫೇಲ್ ಅಂದರೆ ಎಷ್ಟು. ಫಂದಾಖ್ ಅಂದರೆ ಇವತ್ತು. ಹೂಫೇಲ್‌ಗೆ 'ಸ್ತೆ' ಸೇರಿದೆ. ಅಂದರೆ ಎಷ್ಟು... ನೇ. ಇವತ್ತು ಎಷ್ಟನೇ ತಾರೀಖು!

ನಾನು ಕುರ್ಚಿಯಲ್ಲೇ ಎದ್ದು ಕೂತೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರೆಲ್ಲ ಈ ಕಷ್ಟ ಪಟ್ಟಿರುತ್ತಾರೆ. 'ನೀನು ನಿಮ್ಮಪ್ಪನಿಗೆ ಎಷ್ಟನೇ ಮಗು' ಅನ್ನುವುದನ್ನು ಇಂಗ್ಲಿಷಿನಲ್ಲಿ ಕೇಳು ಅಂತ ಮೇಷ್ಟ್ರು ಹೇಳಿದರೆ ಇಡೀ ಕ್ಲಾಸ್ ತಲೆ ಕೆರೆದುಕೊಳ್ಳುತ್ತಿತ್ತು. ಇಂಗ್ಲಿಷಿನಲ್ಲಿ ಎಷ್ಟನೇ ಅನ್ನುವುದಕ್ಕೆ ಸಲೀಸಾದ ಪದ ಇಲ್ಲ. ಡಚ್‌ನಲ್ಲಿ ಇದೆ. 'ಹೂಫೇಲ್‌ಸ್ತೆ ಕಿಂತ್' ಅಂದರೆ ಎಷ್ಟನೇ ಮಗು, ಮುಗಿಯಿತು. ಇಷ್ಟು ದಿನ ನಾನು ಮಾಡುತ್ತಿದ್ದದ್ದೇನು? ಕನ್ನಡದಲ್ಲಿ ಯೋಚಿಸಿ, ಅದನ್ನು ಇಂಗ್ಲಿಷಿಗೆ ತಿರುಗಿಸಿ, ಅಲ್ಲಿಂದ ಡಚ್ಚಿಗೆ. ದಾವಣಗೆರೆಯಿಂದ ಹರಿಹರಕ್ಕೆ ಹೋಗಲು ಬೆಂಗಳೂರು ಸುತ್ತಿದ ಹಾಗೆ! ಅವತ್ತಿನಿಂದ 'ನೇ' ವಿಷಯದಲ್ಲಾದರೂ ಇಂಗ್ಲಿಷನ್ನು ನಡುವೆ ತರಬಾರದು ಅಂತ ತೀರ್ಮಾನ ಮಾಡಿದೆ.

ತಾರೀಖು ಹೇಳುವುದರಲ್ಲಿ ಇದು ತಕ್ಷಣ ಉಪಯೋಗಕ್ಕೆ ಬಂತು. ನಾವು ತಿಂಗಳ ಹೆಸರು ಇದ್ದರೆ 'ಮಾರ್ಚ್ ಹದಿನಾಲ್ಕು' ಅಂತೇವೆ, ತಿಂಗಳ ಹೆಸರು ಬಿಟ್ಟರೆ 'ಹದಿನಾಲ್ಕನೇ ತಾರೀಖು' ಅಂತೇವೆ. ಡಚ್ಚರದ್ದೂ ಸಾಮಾನ್ಯವಾಗಿ ಅದೇ ಲೆಕ್ಕ. ತಿಂಗಳ ಜೊತೆಗೆ ಬರೀ ಸಂಖ್ಯೆ: 'ಫೇರ್ತೀನ್ ಮಾರ್ತ್'. ಒಂಟಿಯಾಗಿ ಬಂದರೆ ನೇ: 'ದೆ ಫೇರ್ತೀಂದೆ'. ಇಂಗ್ಲಿಷ್ ದಾರಿಯಲ್ಲಿ ಹೋದರೆ ತಿಂಗಳ ಜೊತೆಗೂ ನೇ ಹಾಕುವ ಚಪಲ ಬರುತ್ತದೆ. ನಾನು ಅಭ್ಯಾಸ ಮಾಡಿದ್ದು ಇಲ್ಲಿಯವರ ಹುಟ್ಟುಹಬ್ಬದ ಕ್ಯಾಲೆಂಡರ್ ನೋಡಿ. ಅದನ್ನು ಅವರು ನೇತುಹಾಕುವುದು ಟಾಯ್ಲೆಟ್ಟಿನಲ್ಲಿ. ಹೌದು, ಟಾಯ್ಲೆಟ್ಟಿನಲ್ಲೇ. ಯಾರ ಮನೆಗೆ ಹೋದರೂ ಒಂದು ಪಾಠ ಆಗುತ್ತಿತ್ತು.

ಇನ್ನೊಂದು ಗುರು ಸೈಕಲ್. ಫೋನಿನ ದಾರಿ ತೋರಿಸುವ ಆಪ್ ಅನ್ನು ಡಚ್‌ಗೆ ಬದಲಾಯಿಸಿ, ಒಂದು ಕಿವಿಗೆ ಇಯರ್‌ಫೋನ್ ಹಾಕಿಕೊಂಡೆ. ಫೋನನ್ನು ಕೈಯಲ್ಲಿ ಹಿಡಿದು ಸೈಕಲ್ ತುಳಿಯುವ ಹಾಗಿಲ್ಲ, 2019ರ ಜುಲೈನಿಂದ ಅದಕ್ಕೆ ದಂಡ ಇದೆ. ಹಾಗಾಗಿ ನಕ್ಷೆ ನೋಡಿ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಕಿವಿಯನ್ನೇ ನಂಬಬೇಕು. ಈ ದೇಶದಲ್ಲಿ ಸರ್ಕಲ್‌ಗಳಿಗೆ ಬರವಿಲ್ಲ. ಪ್ರತಿ ಸರ್ಕಲ್‌ಗೂ ಆ ಹೆಂಗಸಿನ ದನಿ, 'ನೇಮ್ ದೆ ದೆರ್ದೆ ಅಫ್‌ಸ್ಲಖ್' ಅನ್ನುತ್ತದೆ. ಮೂರನೇ ತಿರುವು ತಗೋ. ಸರ್ಕಲ್ ಸುತ್ತುತ್ತಾ ನಾನು ಜೋರಾಗಿ ಎಣಿಸುತ್ತಿದ್ದೆ: ಏರ್ಸ್ತೆ ಹೋಯಿತು, ತ್ವೇದೆ ಹೋಯಿತು, ಇದೇ ದೆರ್ದೆ. ಮೊದಮೊದಲು 'ದೆರ್ದೆ' ಕೇಳಿ ಅದು ಮೂರೋ ನಾಲ್ಕೋ ಅಂತ ಲೆಕ್ಕ ಹಾಕುವಷ್ಟರಲ್ಲಿ ತಿರುವು ದಾಟಿ ಹೋಗುತ್ತಿತ್ತು. ಒಮ್ಮೆ ಒಂದೇ ಸರ್ಕಲ್ ಎರಡು ಸುತ್ತು ಸುತ್ತಿದೆ, ದೇವಸ್ಥಾನಕ್ಕೆ ಪ್ರದಕ್ಷಿಣೆ ಹಾಕಿದ ಹಾಗೆ. ತಿಂಗಳೊಪ್ಪತ್ತರಲ್ಲಿ ಕಿವಿ ತಾನಾಗಿ ಹಿಡಿಯಿತು. ಪುಸ್ತಕದಲ್ಲಿ ಓದಿದ್ದಕ್ಕಿಂತ ಇದರಲ್ಲಿ ಕಲಿತದ್ದೇ ಜಾಸ್ತಿ.

ವಿಳಾಸದ ವಿಷಯದಲ್ಲಿ ಇಲ್ಲಿ ನಮ್ಮ ಹಾಗೆ 4ನೇ ಮೇನ್, 7ನೇ ಕ್ರಾಸ್ ಇಲ್ಲವಲ್ಲ ಅಂತ ಬೇಜಾರಿತ್ತು. ಎಲ್ಲ ರಸ್ತೆಗೂ ಹೆಸರು. ಒಮ್ಮೆ ಆಮ್‌ಸ್ಟರ್‌ಡ್ಯಾಮಿನ ಯೋರ್ದಾನ್ ಬಡಾವಣೆಯಲ್ಲಿ ಅಡ್ಡಾಡುತ್ತಿದ್ದಾಗ 'ತ್ವೇದೆ ತೌನ್‌ದ್ವರ್ಸ್‌ಸ್ತ್ರಾತ್' ಅಂತ ಬೋರ್ಡ್ ಕಂಡಿತು. ತೌನ್ ಅಂದರೆ ತೋಟ, ದ್ವರ್ಸ್ ಅಂದರೆ ಅಡ್ಡ. ತೋಟದ ರಸ್ತೆ, ಎರಡನೇ ಕ್ರಾಸ್! ನಿಂತು ಫೋಟೊ ತೆಗೆದೆ. ಜೊತೆಗಿದ್ದ ನಮ್ಮ ಯಜಮಾನರಿಗೆ ಅದರಲ್ಲಿ ಏನು ವಿಶೇಷ ಅಂತ ಅರ್ಥವಾಗಲಿಲ್ಲ. ಬಾ, ತಡ ಆಗುತ್ತೆ ಅಂದರು.

ಹಾಗಂತ ಕನ್ನಡ ಎಲ್ಲಾ ಕಡೆ ಕೈ ಹಿಡಿಯುವುದಿಲ್ಲ. ಮಗ ಶಾಲೆಯಲ್ಲಿ 'ಖ್ರೂಪ್ ದ್ರೀ'ಗೆ ಬಂದ. ಇದರಲ್ಲಿ ನೇ ಇಲ್ಲ, ಬರೀ 'ಗುಂಪು ಮೂರು'. ನಾನು ಮೂರನೇ ಕ್ಲಾಸ್ ಅನ್ನುವ ರೂಢಿಯಲ್ಲಿ 'ದೆರ್ದೆ ಖ್ರೂಪ್' ಅಂದರೆ, ಶಾಲೆಯ ಬಾಗಿಲಲ್ಲಿ ನಿಂತ ಇನ್ನೊಬ್ಬ ತಾಯಿ ಗೊಂದಲದಿಂದ ನೋಡಿದರು. ಇಲ್ಲಿ ನಾಲ್ಕು ವರ್ಷಕ್ಕೆ ಖ್ರೂಪ್ ಒಂದು ಶುರು, ಅಲ್ಲಿಂದ ಎಂಟರವರೆಗೆ. ಓದಲು ಬರೆಯಲು ಸರಿಯಾಗಿ ಹಿಡಿಯುವುದು ಮೂರರಲ್ಲಿ, ಆರನೇ ವಯಸ್ಸಿಗೆ. ಅಂದರೆ ನಮ್ಮ ಒಂದನೇ ಕ್ಲಾಸ್. ನಾನು ಫೋನಿನಲ್ಲಿ ಅಮ್ಮನಿಗೆ 'ಮೂರಕ್ಕೆ ಬಂದ' ಅಂದೆ. ಅಮ್ಮ ಓಣಿಯಲ್ಲೆಲ್ಲ 'ಮೊಮ್ಮಗ ಎರಡು ಕ್ಲಾಸ್ ಜಿಗಿದಾನೆ' ಅಂತ ಹೇಳಿಕೊಂಡು ಬಂದರು. ಅದನ್ನು ನಾನು ಇನ್ನೂ ಸರಿ ಮಾಡಿಲ್ಲ.

ಗಂಟೆಯದ್ದು ಇನ್ನೂ ದೊಡ್ಡ ಕಥೆ. ಹಲ್ಲಿನ ಡಾಕ್ಟರ ಹತ್ತಿರ 'ಹಲ್ಫ್ ದ್ರೀ'ಗೆ ಅಪಾಯಿಂಟ್‌ಮೆಂಟ್ ಕೊಟ್ಟರು. ಹಲ್ಫ್ ಅಂದರೆ ಅರ್ಧ, ದ್ರೀ ಅಂದರೆ ಮೂರು. ಮೂರೂವರೆ ಅಂದುಕೊಂಡು ಹತ್ತು ನಿಮಿಷ ಮುಂಚೆಯೇ ಹೋಗಿ ಕೂತೆ. ನಿಮ್ಮ ಸಮಯ ಯಾವಾಗಲೋ ಮುಗಿಯಿತು ಅಂದರು. ಹಲ್ಫ್ ದ್ರೀ ಅಂದರೆ ಎರಡೂವರೆ! ಎರಡು ಗಂಟೆ ಮುಗಿದು ಮೂರನೇ ಗಂಟೆಯಲ್ಲಿ ಅರ್ಧ ನಡೆದಿದೆ ಅನ್ನುವುದು ಅವರ ಲೆಕ್ಕ. ಒಳಗೊಳಗೇ ಇಲ್ಲೂ ಒಂದು ನೇ ಅಡಗಿ ಕೂತಿದೆ ಅನ್ನಿ. ಗಂಟೆಯಲ್ಲ, ಅಳತೆಯ ಒಂದೂವರೆಗೆ ಅವರು 'ಆಂದರ್‌ಹಲ್ಫ್' ಅನ್ನುತ್ತಾರೆ. 'ಆಂದರ್' ಅಂದರೆ ಈಗ 'ಬೇರೆ' ಅಂತ ಅರ್ಥ, ಹಿಂದೆ ಅದಕ್ಕೆ 'ಎರಡನೇ' ಅಂತಲೂ ಅರ್ಥವಿತ್ತು. ಎರಡನೇದು ಅರ್ಧ ಅಂದರೆ ಒಂದೂವರೆ. ತಿಳಿದ ಮೇಲೆ ಚೆನ್ನಾಗಿದೆ ಅನಿಸುತ್ತದೆ. ಹಲ್ಲು ನೋಯುತ್ತಾ ಇನ್ನೊಂದು ವಾರ ಕಾಯುವಾಗ ಹಾಗೇನೂ ಅನಿಸಲಿಲ್ಲ.

ಇನ್ನೊಂದು ಕಡೆ ಅಂಕಿ ಸರಿಯಾಗಿ ಓದಿಯೂ ಮೋಸ ಹೋದೆ. ಐಂಡ್‌ಹೋವನ್ ಬಗ್ಗೆ ಓದುವಾಗ, ಇದು ದೇಶದ 'ಆಪ್ ಫೀರ್ ನಾ ಖ್ರೋತ್‌ಸ್ತೆ' ಊರು ಅಂತ ಇತ್ತು. ಫೀರ್ ಅಂದರೆ ನಾಲ್ಕು, ಖ್ರೋತ್‌ಸ್ತೆ ಅಂದರೆ ಎಲ್ಲಕ್ಕಿಂತ ದೊಡ್ಡದು. ನಾಲ್ಕನೇ ದೊಡ್ಡ ಊರು ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದೆ. ಅದು ಐದನೇದು. ನಾಲ್ಕನ್ನು ಬಿಟ್ಟರೆ ಇದೇ ದೊಡ್ಡದು ಅನ್ನುವುದು ಆ ಮಾತಿನ ಅರ್ಥ. ಆಮ್‌ಸ್ಟರ್‌ಡ್ಯಾಮ್, ರಾಟರ್‌ಡ್ಯಾಮ್, ದೆನ್ ಹಾಖ್ (ಹೇಗ್), ಉತ್ರೆಖ್ತ್ ಬಿಟ್ಟರೆ ನಮ್ಮೂರು. 'ಅವನೊಬ್ಬನನ್ನ ಬಿಟ್ರೆ ಇವನೇ' ಅಂತ ನಾವೂ ಮಾತಾಡುತ್ತೇವೆ. ಅದನ್ನೇ ಇವರು ಲೆಕ್ಕದ ಕ್ರಮವಾಗಿ ಮಾಡಿಕೊಂಡಿದ್ದಾರೆ.

ಪರೀಕ್ಷೆಗೆ ಓದುವವರಿಗೆ ಒಂದು ಮಾತು. ಇಲ್ಲಿ ನೆಲೆಸುವವರ ಪರೀಕ್ಷೆಯಲ್ಲಿ ದೇಶದ ಬಗ್ಗೆಯೂ ಒಂದು ಪೇಪರ್ ಇರುತ್ತದೆ. ಅದಕ್ಕೆ ಓದುವಾಗ ಇಲ್ಲಿನ ಸಂಸತ್ತಿನ ಎರಡು ಸಭೆಗಳಾದ 'ಏರ್ಸ್ತೆ ಕಾಮರ್', 'ತ್ವೇದೆ ಕಾಮರ್' ಅದಲುಬದಲಾಗುತ್ತವೆ. ಜನ ನೇರವಾಗಿ ಆರಿಸುವ 150 ಜನರ ಸಭೆ ಎರಡನೇದು. 75 ಜನರ ಒಂದನೇದು ನಮ್ಮ ರಾಜ್ಯಸಭೆಯ ಹಾಗೆ. ಒಂದನೇದು ಅಂದ ಮಾತ್ರಕ್ಕೆ ಅಧಿಕಾರ ಜಾಸ್ತಿ ಅಂದುಕೊಳ್ಳಬೇಡಿ. ರಾಜರ ಹೆಸರಿಗೆ ನೇ ಬರುತ್ತದೆ: ವಿಲ್ಲೆಮ್ ದೆ ತ್ವೇದೆ. ಅದೇ ರಾಜನ ಹೆಸರಿಟ್ಟುಕೊಂಡ ತಿಲ್‌ಬರ್ಖ್‌ನ ಫುಟ್‌ಬಾಲ್ ಕ್ಲಬ್ಬನ್ನು ಮಾತ್ರ ಜನ 'ವಿಲ್ಲೆಮ್ ತ್ವೇ' ಅನ್ನುತ್ತಾರೆ. ಯಾಕೆ ಅಂದರೆ ಸುಮ್ನೆ, ರೂಢಿ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ನವೆಂಬರ್. ಬ್ರಾಬಂತ್, ಲಿಂಬುರ್ಖ್ ಕಡೆ ಕಾರ್ನಿವಲ್ ಹಬ್ಬದ ಕಾಲ ಶುರುವಾಗುವುದು ನವೆಂಬರ್ 11ಕ್ಕೆ, ಹನ್ನೊಂದು ಗಂಟೆ ಹನ್ನೊಂದು ನಿಮಿಷಕ್ಕೆ. ಆ ದಿನಕ್ಕೆ ತಿಂಗಳ ಹೆಸರೇ ಹೇಳುವುದಿಲ್ಲ, 'ದೆ ಎಲ್ವ್ದೆ ಫನ್ ದೆ ಎಲ್ವ್ದೆ' ಅನ್ನುತ್ತಾರೆ. ಹನ್ನೊಂದನೇದರ ಹನ್ನೊಂದನೇದು. ಕೆಂಪು, ಹಳದಿ, ಹಸಿರು ಬಟ್ಟೆ ಹಾಕಿಕೊಂಡ ದೊಡ್ಡವರು ಬೀದಿಯಲ್ಲಿ ಕುಣಿಯುತ್ತಿದ್ದರು. ಒಬ್ಬರು ನನ್ನನ್ನು ಎಷ್ಟನೇ ಸಲ ಬರ್ತಿದ್ದೀರಿ ಅಂತ ಕೇಳಿದರು. ಹೂಫೇಲ್‌ಸ್ತೆ ಕೇರ್? ಯೋಚಿಸದೆ 'ದೆ ಏರ್ಸ್ತೆ' ಅಂದೆ. ಬಾತುಕೋಳಿ ಬಾಯಿಗೆ ಬರಲಿಲ್ಲ.

ಈಗ ಮನೆಯಲ್ಲಿ ಉಲ್ಟಾ ಸಮಸ್ಯೆ. ಮಗನ ಡಚ್ ನನಗಿಂತ ಚೆನ್ನಾಗಿದೆ. 'ಹೆಯ್ ಫೀರ್ದೆ ಝೆಯ್ನ್ ಫೀರ್ದೆ ಫರ್‌ಯಾರ್‌ದಖ್' ಅಂತ ಹೇಳಿ ನನ್ನನ್ನು ಸತಾಯಿಸುತ್ತಾನೆ. ಅವನು ತನ್ನ ನಾಲ್ಕನೇ ಹುಟ್ಟುಹಬ್ಬ ಆಚರಿಸಿದ ಅಂತ. ಮೊದಲನೇ 'ಫೀರ್ದೆ' ಆಚರಿಸಿದ, ಎರಡನೇ 'ಫೀರ್ದೆ' ನಾಲ್ಕನೇ. ಆದರೆ ಅವನ ಕನ್ನಡಕ್ಕೆ ಈಗ ಡಚ್ ಹತ್ತಿದೆ. ಬೇಸಿಗೆ ರಜೆಗೆ ಊರಿಗೆ ಹೊರಡುವ ಮೊದಲು ಅಜ್ಜಿಗೆ ತಾನೇ ಫೋನ್ ಮಾಡಿದ.

'ಅಜ್ಜಿ, ನಾವು ಒಂದು ಇಪ್ಪತ್ತನೇ ತಾರೀಖು ಬರ್ತೀವಿ.'

'ಒಂದನೇ ತಾರೀಖೋ, ಇಪ್ಪತ್ತನೇ ತಾರೀಖೋ? ಒಂದು ಹೇಳಪ್ಪಾ.'

'ಒಂದೇ ಹೇಳಿದ್ದು. ಒಂದು ಇಪ್ಪತ್ತನೇ!'

ಆ ಕಡೆಯಿಂದ ಅಮ್ಮ ಕ್ಯಾಲೆಂಡರ್ ಮಗುಚುವ ಸದ್ದು ಕೇಳಿತು. 'ಏನೇ, ಈ ಹುಡುಗ ಎಷ್ಟನೇ ತಾರೀಖು ಅಂತಿದಾನೆ?' ನಾನು ನಗು ತಡೆದುಕೊಂಡು ಫೋನ್ ಇಸಿದುಕೊಂಡೆ. 'ಇಪ್ಪತ್ತೊಂದು ಅಮ್ಮ. ಇಪ್ಪತ್ತೊಂದನೇ ತಾರೀಖು.'